ಬೋರ್ಡಿನ ಮುಂದೆ ಹತ್ತು ನಿಮಿಷ, ಆಮೇಲಿನ ನಾಲ್ಕು ದಿನ: ರಕ್ಷಣಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ, ಹಾಗೂ ಸೈನಿಕರ ಮೆಡಿಕಲ್ ಬೋರ್ಡುಗಳಲ್ಲಿ ಕೂರುವ ಎಲ್ಲ ವೈದ್ಯಾಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಟೀಚರ್. ನಮ್ಮ ಯಜಮಾನರು ಸೇನೆಯ ಪದಾತಿ ದಳದಲ್ಲಿ ನಾಯಕ್ ಆಗಿದ್ದವರು. ಇವರ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ಮೆಡಿಕಲ್ ಬೋರ್ಡು ಬರೆದದ್ದರಿಂದ ಅಂಗವೈಕಲ್ಯದ ಪಿಂಚಣಿ ಸಿಕ್ಕಿಲ್ಲ, ಈ ಪತ್ರ ಅದರ ಬಗ್ಗೆ. 1997ರಲ್ಲಿ ಭರ್ತಿಯಾದರು, 22 ವರ್ಷ ಮುಗಿಸಿ 2019ರಲ್ಲಿ ಊರಿಗೆ ಬಂದರು. ನಮ್ಮ ಕಡೆ ಮಿಲಿಟರಿಯಿಂದ ರಿಟೈರ್ ಆಗಿ ಬಂದವರನ್ನು ಸ್ಟೇಷನ್ನಿನಿಂದ ಊರ ತನಕ ಹಾರ ಹಾಕಿ, ಹಲಗೆ ಬಡಿದು, ಮೆರವಣಿಗೆಯಲ್ಲಿ ಕರೆತರುತ್ತಾರೆ. ಅವತ್ತೂ ಹುಡುಗರು ಜೀಪು ಸಿಂಗರಿಸಿಕೊಂಡು ಬಂದಿದ್ದರು. ಇವರಿಗೆ ಜೀಪಿನಲ್ಲಿ ನಿಲ್ಲಲು ಆಗಲಿಲ್ಲ. ಮೈದುನ ಒಂದು ಕಡೆ, ನಾನೊಂದು ಕಡೆ ಹಿಡಿದುಕೊಂಡು ಆಟೋದಲ್ಲಿ ಮನೆಗೆ ತಂದೆವು. ಹಾರಗಳು ಜೀಪಿನಲ್ಲಿ ಬಂದವು.

ಇದೇ ಮನುಷ್ಯ ಭರ್ತಿಯಾಗುವಾಗ ಶೇಪ್-1. ಅಂದರೆ ಮೈ ಮನಸ್ಸು ಎರಡರಲ್ಲೂ ಯಾವ ಕೊರತೆಯೂ ಇಲ್ಲ ಎಂದು ನಿಮ್ಮ ಡಾಕ್ಟರರೇ ಬರೆದುಕೊಟ್ಟದ್ದು. ಆಮೇಲೆ 2016ರ ತನಕ ಪ್ರತಿ ಮೆಡಿಕಲ್‌ನಲ್ಲೂ ಶೇಪ್-1. ರೈಫಲ್ಲು, ಪಿಟ್ಟು ಅನ್ನುವ ಬೆನ್ನಚೀಲ ಹೊತ್ತು ಐದು ಕಿಲೋಮೀಟರ್ ಓಡುವ ಪರೀಕ್ಷೆಯಲ್ಲಿ ಕಂಪನಿಯಲ್ಲಿ ಮುಂದಿರುತ್ತಿದ್ದರು. ರಜೆಗೆ ಬಂದರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೆನಾಲ್ ರಸ್ತೆಯಲ್ಲಿ ಓಡುತ್ತಿದ್ದರು. ಭರ್ತಿಗೆ ತಯಾರಾಗುತ್ತಿದ್ದ ಊರಿನ ಹುಡುಗರು ಇವರ ಹಿಂದೆ ಓಡುತ್ತಿದ್ದರು.

2016ರ ಮಳೆಗಾಲದಲ್ಲಿ ಇವರು ಈಶಾನ್ಯದ ಒಂದು ಫೀಲ್ಡ್ ಏರಿಯಾದಲ್ಲಿದ್ದರು. ಅಲ್ಲಿ ಜ್ವರ ಬಂತು. ಒಂಬತ್ತು ದಿನ ಬಿಡಲಿಲ್ಲ. ಎಂಐ ರೂಮಿನಲ್ಲಿ, ಅಂದರೆ ಯೂನಿಟ್ಟಿನ ಚಿಕ್ಕ ದವಾಖಾನೆಯಲ್ಲಿ, ಮಾತ್ರೆ ಕೊಟ್ಟರು, ಜ್ವರ ಇಳಿದ ಮೇಲೆ ಡ್ಯೂಟಿಗೆ ಹಾಕಿದರು. ಯಾರದೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಜವಾನ ಜ್ವರ ಬಿಟ್ಟ ಮೇಲೆ ಡ್ಯೂಟಿಗೆ ಹೋಗದೆ ಇನ್ನೇನು ಮಾಡುತ್ತಾನೆ? ಆದರೆ ಆ ಜ್ವರದಿಂದ ಇವರು ಎದ್ದೇ ಇಲ್ಲ. ಒಂದು ಗಸ್ತು ಮುಗಿಸಿ ಬಂದರೆ ಎರಡು ದಿನ ಮೈ ಸೀಸದಂತೆ ಭಾರ. ಫೋನಿನಲ್ಲಿ ಮಾತಾಡುವಾಗ ಮಗಳ ಹೆಸರು ನೆನಪಾಗದೆ ಸುಮ್ಮನಾಗಿಬಿಡುತ್ತಿದ್ದರು. ನೆಟ್‌ವರ್ಕ್ ಹೋಯಿತೇನೋ ಅಂತ ನಾನು ಹಲೋ ಹಲೋ ಅನ್ನುತ್ತಿದ್ದೆ. 2017ರಲ್ಲಿ ಯೂನಿಟ್ ಪೀಸ್ ಸ್ಟೇಷನ್‌ಗೆ, ಅಂದರೆ ಕಾರ್ಯಾಚರಣೆ ಇಲ್ಲದ ಶಾಂತ ಪ್ರದೇಶದ ನೆಲೆಗೆ, ಬಂತು. ಅಲ್ಲಿ ಪರೇಡ್ ಮೈದಾನದಲ್ಲಿ ಬಿದ್ದರು. ಆಗ ಮೊದಲ ಸಲ ಆಸ್ಪತ್ರೆಗೆ ಸೇರಿಸಿದರು.

ಈ ಒಂದು ದಿನಾಂಕ ನಮ್ಮ ಇಡೀ ಕೇಸನ್ನು ನುಂಗಿಹಾಕಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಯಿಲೆ ಬಗ್ಗೆ. ಇದರ ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್. ಡಾಕ್ಟರರು ಎಂಇ/ಸಿಎಫ್‌ಎಸ್ ಎಂದು ಬರೆಯುತ್ತಾರೆ, ಎಂಇ ಅನ್ನುವುದು ಇದರದೇ ಇನ್ನೊಂದು ಹೆಸರು. ರಿಟೈರ್ ಆದ ಮೇಲೆ ಒಬ್ಬ ಖಾಸಗಿ ನರರೋಗ ತಜ್ಞರು ಎರಡು ತಾಸು ಕೂತು ಕೇಳಿಸಿಕೊಂಡು ಪತ್ತೆ ಮಾಡಿದ್ದು. ಜನರಿಗೆ ಇದನ್ನು ವಿವರಿಸೋದೇ ಕಷ್ಟ. ಸುಸ್ತು ಅಂದರೆ 'ನನಗೂ ಸುಸ್ತು ಕಣ್ರೀ, ಈ ಕಾಲದಲ್ಲಿ ಯಾರಿಗಿಲ್ಲ' ಅನ್ನುತ್ತಾರೆ. ಹೊಲದಲ್ಲಿ ದುಡಿದವನ ದಣಿವು ಒಂದು ನಿದ್ದೆಗೆ ಹೋಗುತ್ತದೆ. ಇವರದು ಹತ್ತು ತಾಸು ಮಲಗಿದರೂ ಹಾಗೇ ಇರುತ್ತದೆ. ಇದರ ಮುಖ್ಯ ಗುರುತು ಇನ್ನೊಂದಿದೆ. ಕೈಲಾದಷ್ಟಕ್ಕಿಂತ ಒಂಚೂರು ಜಾಸ್ತಿ ಮಾಡಿದರೆ, ಅದರ ಏಟು ಆಗಲೇ ಬೀಳುವುದಿಲ್ಲ. ಮರುದಿನವೋ, ಅದರ ಮರುದಿನವೋ ಬೀಳುತ್ತದೆ, ಬಿದ್ದರೆ ದಿನಗಟ್ಟಲೆ ಏಳುವುದಿಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕಾಯಿಲೆಯನ್ನು ಗುರುತಿಸುವ ಲಕ್ಷಣಗಳನ್ನು ಬರೆದಾಗ ಇದನ್ನು ಕಡ್ಡಾಯದ ಲಕ್ಷಣ ಎಂದು ಹೇಳಿತು. ಆರು ತಿಂಗಳಿಗಿಂತ ಜಾಸ್ತಿ ಕಾಲ ಮೊದಲಿನಂತೆ ಬದುಕಲಾಗದ ದಣಿವು, ಮಲಗಿ ಎದ್ದರೂ ಸುಧಾರಿಸದ ಮೈ, ಮಂಕಾಗುವ ಬುದ್ಧಿ, ನಿಂತರೆ ಜಾಸ್ತಿಯಾಗುವ ತೊಂದರೆ ಇವೂ ಆ ಪಟ್ಟಿಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಎಂಇಯನ್ನು ನರಮಂಡಲದ ಕಾಯಿಲೆಗಳ ಸಾಲಿನಲ್ಲಿಟ್ಟಿದೆ. ಆದರೆ ಇದನ್ನು ಹಿಡಿದುಕೊಡುವ ಒಂದು ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಹೀಗಾಗಿ ರಿಪೋರ್ಟುಗಳೆಲ್ಲ ನಾರ್ಮಲ್, ಮನುಷ್ಯ ಹಾಸಿಗೆಯಲ್ಲಿ.

ಸರ್ವಿಸ್‌ನಲ್ಲಿದ್ದಾಗ ಇವರಿಗೆ ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಿ ಎಂದು ಹೇಳಿದ್ದರು. ಸಿಪಾಯಿಗೆ ಡಾಕ್ಟರ್ ಸಾಹೇಬರ ಮಾತೂ ಆರ್ಡರೇ ಅಲ್ವಾ? ಬೆಳಿಗ್ಗೆ ನಡೆದು ಬಂದು ವಾಂತಿ ಮಾಡಿಕೊಂಡು, ಸಂಜೆ ಮತ್ತೆ ನಡೆಯಲು ಹೋದರು. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆ 2021ರಲ್ಲಿ ಹೊಸ ಮಾರ್ಗಸೂಚಿ ತಂದಾಗ, ಹೀಗೆ ಲೆಕ್ಕ ಹಾಕಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಈ ರೋಗಿಗಳಿಗೆ ಕೊಡಬಾರದು ಎಂದು ಹೇಳಿತು. ನಮಗೆ ಅದು ಗೊತ್ತಾದಾಗ ತಡವಾಗಿತ್ತು.

ಈಗ ಬೋರ್ಡಿನ ದಿನದ ಬಗ್ಗೆ ಹೇಳಬೇಕು. ಈ ಪತ್ರ ಬರೆಯಲು ಕಾರಣವೇ ಅದು.

ಬಿಡುಗಡೆಯ ಮೆಡಿಕಲ್ ಬೋರ್ಡು 2019ರಲ್ಲಿ ಇವರ ಕಾಯಿಲೆಗೆ ಒಂದು ಮಾನಸಿಕ ತೊಂದರೆಯ ಹೆಸರು ಬರೆದು, ಅಂಗವೈಕಲ್ಯ ಶೇ. 15ರಿಂದ 19 ಎಂದು ನಮೂದಿಸಿತ್ತು. ಶೇ. 20 ಆಗದಿದ್ದರೆ ಪಿಂಚಣಿಯ ಅಂಗವೈಕಲ್ಯದ ಭಾಗ ಸಿಗುವುದಿಲ್ಲ. ಕೆಳಗೆ ಇನ್ನೊಂದು ಸಾಲು: ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಜವಾನರ ಬಾಯಲ್ಲಿ ಇದಕ್ಕೆ 'ನಾನಾ' ಅನ್ನುತ್ತಾರೆ. ನಾವು ಮೊದಲ ಅಪೀಲು ಹಾಕಿದೆವು. ಅಪೀಲಿನ ಬೋರ್ಡಿಗೆ ಬನ್ನಿ ಎಂದು 2021ರಲ್ಲಿ ಕರೆ ಬಂತು.

ಬೆಳಿಗ್ಗೆ ಶೇವ್ ಮಾಡಿಕೊಂಡರೆ ಆ ಹೊತ್ತಿಗೆ ಬೇಕಾದ ತ್ರಾಣ ಅದರಲ್ಲೇ ಹೋಗುತ್ತದೆಂದು ಹಿಂದಿನ ರಾತ್ರಿಯೇ ಮಾಡಿಕೊಂಡರು. ಬೂಟಿಗೆ ಪಾಲಿಶ್ ನಾನು ಮಾಡುತ್ತೇನೆ ಅಂದರೆ ಕೇಳಲಿಲ್ಲ. ಕೂತುಕೊಂಡು ಮೂರು ದಿನದಲ್ಲಿ ಮುಗಿಸಿದರು, ಒಂದು ದಿನ ಎಡಗಾಲಿನದು, ಒಂದು ದಿನ ಬಲಗಾಲಿನದು, ಮೂರನೇ ದಿನ ಹೊಳಪು. ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತಿನಲ್ಲಿ ಮಲಗಿಸಿಕೊಂಡು ಹೋದೆ. ಆಸ್ಪತ್ರೆಯಲ್ಲಿ ಬೋರ್ಡು ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆವು.

ಹೆಸರು ಕೂಗಿದಾಗ ಏನಾಯಿತು ಗೊತ್ತಾ? ನನ್ನ ಹೆಗಲಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದ ಮನುಷ್ಯ ಎದ್ದು ನಿಂತು, ಅಂಗಿ ಸರಿ ಮಾಡಿಕೊಂಡು, ಎದೆ ಎತ್ತಿ ಒಳಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. ಸಾವಧಾನ್ ನಿಂತದ್ದು ನನಗೆ ಕಾಣಿಸಿತು. ಕೈ ಎತ್ತಿ ಅಂದರು, ಎತ್ತಿದರು. ಒತ್ತಿ ಅಂದರು, ಒತ್ತಿದರು. ನಾಲ್ಕು ಹೆಜ್ಜೆ ನಡೆಸಿದರು. ಬಿಪಿ ನೋಡಿದರು. ಮನೆಯಲ್ಲಿ ದಿನ ಹೇಗೆ ಕಳೆಯುತ್ತೀರಿ ಎಂದು ಯಾರೂ ಕೇಳಲಿಲ್ಲ. 'ನೋಡೋಕೆ ಚೆನ್ನಾಗೇ ಇದ್ದೀರಲ್ಲ' ಎಂಬ ಅರ್ಥದ ಮಾತನ್ನು ಹಿಂದಿಯಲ್ಲಿ ಹೇಳಿ ಕಳಿಸಿದರು. ಎಲ್ಲ ಸೇರಿ ಹತ್ತು ನಿಮಿಷ. ಇವರ ದಿನಚರಿ ಬರೆದು ನಾನು ತಂದಿದ್ದ ನೋಟ್‌ಬುಕ್ ಕೈಯಲ್ಲೇ ಉಳಿಯಿತು.

ಮರುದಿನ ಸಂಜೆ ಮನೆಯಲ್ಲಿ ಶುರುವಾಯಿತು. ಬೆಳಕು ತಡೆಯಲಾಗದೆ ಕಣ್ಣಿನ ಮೇಲೆ ಒದ್ದೆ ಬಟ್ಟೆ. ಕಿಟಕಿಗೆ ನನ್ನ ಹಳೇ ಸೀರೆ ಕಟ್ಟಿದೆ. ಪಾತ್ರೆ ಸದ್ದಾದರೆ ಮೈ ಬೆಚ್ಚಿಬೀಳುತ್ತಿತ್ತು, ಅಡುಗೆಯನ್ನು ಪಕ್ಕದ ಮನೆಯಲ್ಲಿ ಮಾಡಿ ತಂದೆ. ರೊಟ್ಟಿ ಅಗಿಯಲು ದವಡೆಗೆ ಬಲ ಇರಲಿಲ್ಲ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಚಮಚದಲ್ಲಿ ಹಾಕಿದೆ. ನಾಲ್ಕು ದಿನ ಹೀಗೆ. ಬೋರ್ಡಿನ ಕಾಗದದಲ್ಲಿ ಆ ಹತ್ತು ನಿಮಿಷ ಇದೆ, ಈ ನಾಲ್ಕು ದಿನ ಎಲ್ಲೂ ಇಲ್ಲ.

ವೈದ್ಯಾಧಿಕಾರಿಗಳೇ, ನಿಮ್ಮ ವಿದ್ಯೆ ಬಗ್ಗೆ ನನಗೆ ಗೌರವವಿದೆ. ನಿಮ್ಮಂಥವರು ಗುಂಡೇಟು ತಿಂದವರನ್ನು ಬದುಕಿಸಿದ್ದನ್ನು ಯಜಮಾನರೇ ಕಣ್ಣಾರೆ ಕಂಡಿದ್ದಾರೆ. ಆದರೆ ಮರುದಿನ ಹೊಡೆಯುವ ಕಾಯಿಲೆಯನ್ನು ಆ ದಿನ ಮಾತ್ರ ನೋಡಿ ಅಳೆಯೋಕೆ ಆಗುತ್ತಾ? ಅದೂ ಅಧಿಕಾರಿಯ ಮುಂದೆ ಬಗ್ಗಿ ನಿಲ್ಲಬಾರದು ಎಂದು 22 ವರ್ಷ ನೀವೇ ಕಲಿಸಿದ ಮನುಷ್ಯನನ್ನು?

ಅಪೀಲು ವಜಾ ಆಯಿತು. ಉತ್ತರದಲ್ಲಿ ಕಾರಣ ಅಂತ ಇದ್ದದ್ದು ಒಂದೇ: ಕಾಯಿಲೆ ಶುರುವಾದದ್ದು ಪೀಸ್ ಸ್ಟೇಷನ್‌ನಲ್ಲಿ, ಆದ್ದರಿಂದ ಸೇವೆಗೂ ಇದಕ್ಕೂ ಸಂಬಂಧವಿಲ್ಲ. ಆಸ್ಪತ್ರೆಗೆ ಸೇರಿದ ದಿನವೇ ಕಾಯಿಲೆ ಹುಟ್ಟಿದ ದಿನವಾಯಿತು. ಅದಕ್ಕೂ ಮುಂಚಿನ ಜ್ವರ, ಆ ಒಂಬತ್ತು ದಿನ, ಆ ಒಂದು ವರ್ಷ ಲೆಕ್ಕಕ್ಕೇ ಬರಲಿಲ್ಲ. ಎರಡನೇ ಅಪೀಲೂ ಹೀಗೇ ಬಿತ್ತು. ಈಗ ಸೈನಿಕರ ಕೇಸು ಕೇಳುವ ಟ್ರಿಬ್ಯೂನಲ್‌ನಲ್ಲಿ ಅರ್ಜಿ ಇದೆ.

ಕಾನೂನು ನಾನು ಓದಿದವಳಲ್ಲ, ಆದರೆ ಆರು ವರ್ಷದಲ್ಲಿ ಬೇಕಾದಷ್ಟು ಕಲಿಯಬೇಕಾಯಿತು. ಧರಮ್‌ವೀರ್ ಸಿಂಗ್ ಎಂಬ ಜವಾನರ ಕೇಸನ್ನು ಈ ದಾರಿಯಲ್ಲಿ ನಡೆಯುವ ಪ್ರತಿ ಕುಟುಂಬವೂ ಬಾಯಿಪಾಠ ಮಾಡಿಕೊಂಡಿದೆ. 1985ರಲ್ಲಿ ಸೇನೆಯ ಸಿಗ್ನಲ್ಸ್ ದಳಕ್ಕೆ ಸೇರಿದವರು. ಮೂರ್ಛೆ ರೋಗ ಬಂದು 1994ರಲ್ಲಿ ಮನೆಗೆ ಕಳಿಸಲ್ಪಟ್ಟರು. ಅವರಿಗೂ ಇದೇ ಸಾಲು, ಸೇವೆಗೆ ಸಂಬಂಧವಿಲ್ಲ. ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಹೇಳಿದ್ದು ಸರಳವಾಗಿದೆ. ಭರ್ತಿಯಾಗುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಬಂದರೆ, ಅದು ಸೇವೆಯಿಂದ ಬಂತು ಎಂದೇ ಹಿಡಿಯಬೇಕು. ಅಲ್ಲ ಎನ್ನುವುದಾದರೆ ಬೋರ್ಡು ಕಾರಣ ಬರೆಯಬೇಕು. ಸಾಬೀತು ಮಾಡುವ ಹೊರೆ ಜವಾನನ ಮೇಲಿಲ್ಲ, ಅನುಮಾನದ ಲಾಭ ಅವನಿಗೇ. 2015ರಲ್ಲಿ ರಾಜ್‌ಬೀರ್ ಸಿಂಗ್ ಕೇಸಿನಲ್ಲಿ ಅದೇ ಮಾತನ್ನು ಮತ್ತೆ ಹೇಳಿತು. ಇವರು ರಿಟೈರ್ ಆದಾಗ ಜಾರಿಯಲ್ಲಿದ್ದ 2008ರ ಪಿಂಚಣಿ ನಿಯಮಗಳಲ್ಲೂ ಸಾಮಾನ್ಯವಾಗಿ ಅರ್ಜಿದಾರನಿಂದ ಸಾಕ್ಷ್ಯ ಕೇಳುವಂತಿಲ್ಲ ಎಂದೇ ಇದೆ. ಪೀಸ್ ಸ್ಟೇಷನ್‌ನಲ್ಲಿ ಕಾಯಿಲೆ ಕಾಣಿಸಿತು ಅನ್ನುವುದೊಂದೇ ಕಾರಣಕ್ಕೆ ಪಿಂಚಣಿ ನಿರಾಕರಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ.

ಇಷ್ಟೆಲ್ಲ ಇದ್ದೂ ನಮ್ಮ ಕಾಗದದಲ್ಲಿ ಒಂದು ಸಾಲಿನ ಕಾರಣ. ಧರಮ್‌ವೀರ್ ಸಿಂಗ್ ಅವರಿಗೆ ಮನೆಗೆ ಬಂದ ಮೇಲೆ ನ್ಯಾಯ ಸಿಗಲು 19 ವರ್ಷ ಹಿಡಿಯಿತು. ಅವರು ಗೆದ್ದ ಮೇಲೂ ಪ್ರತಿಯೊಬ್ಬ ಜವಾನನೂ ಅದೇ ಮಾತಿಗೆ ಮತ್ತೆ ಮೊದಲಿನಿಂದ ಕೋರ್ಟು ಹತ್ತಬೇಕಾ?

ನಾವು ಕೇಳುತ್ತಿರುವುದು ದೊಡ್ಡ ಗಂಟೇನೂ ಅಲ್ಲ. ಇವರು ರಿಟೈರ್ ಆದಾಗಿನ ನಿಯಮದಂತೆ ಶೇ. 100 ಅಂಗವೈಕಲ್ಯವಿದ್ದರೆ ಕೊನೆಯ ಸಂಬಳದ ಶೇ. 30 ಸಿಗುತ್ತದೆ. ಶೇ. 20 ಎಂದು ಬರೆದರೆ ಅದನ್ನು 50ಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ. ರಿಟೈರ್ ಆದವರಿಗೂ ಹಾಗೇ ಮಾಡಬೇಕೆಂದು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ರಾಮ್ ಅವತಾರ್ ಕೇಸಿನಲ್ಲಿ ತೀರ್ಮಾನವಾಗಿದೆ. ಅಂದರೆ ನಮಗೆ ಬರುವುದು ಒಬ್ಬ ನಾಯಕ್‌ನ ಸಂಬಳದ ಶೇ. 15. ಹಗಲು ಹೊತ್ತು ನಾನು ಶಾಲೆಯಲ್ಲಿರುವಾಗ ಇವರನ್ನು ನೋಡಿಕೊಳ್ಳುವ ಅಜ್ಜಿಗೆ ಕೊಡುವ ಹಣಕ್ಕೆ ಆಗುತ್ತದೆ.

ಅಮೆರಿಕದ ಮಾತು ಇಲ್ಲಿ ಯಾಕೆ ಅನ್ನಬೇಡಿ. ಇದೇ ಕಾಯಿಲೆಯನ್ನು ಹಿಡಿದುಕೊಂಡು ಅಲ್ಲಿನ ಮಾಜಿ ಸೈನಿಕರು ಮೂವತ್ತು ವರ್ಷದಿಂದ ಅಪೀಲು ಹಾಕುತ್ತಿದ್ದಾರೆ. 1991ರ ಕೊಲ್ಲಿ ಯುದ್ಧದಿಂದ ಮರಳಿದ ಬಹಳ ಜನರಿಗೆ ಬಿಡದ ದಣಿವು, ಮೈಕೈ ನೋವು, ಮರೆವು. ಅಲ್ಲೂ ಮೊದಲು ಎಲ್ಲ ಮನಸ್ಸಿನ ಮಾತು ಅಂದರು. 1994ರಲ್ಲಿ ಅಲ್ಲಿನ ಸಂಸತ್ತು, ಕಾರಣ ಗೊತ್ತಾಗದ ಕಾಯಿಲೆಗೂ ಪರಿಹಾರ ಕೊಡಬಹುದು ಎಂದು ಕಾಯ್ದೆ ಮಾಡಿತು. 2001ರಲ್ಲಿ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಹೆಸರನ್ನೇ ಕಾನೂನಿಗೆ ಸೇರಿಸಿದರು. ಕೊಲ್ಲಿಯಲ್ಲಿ ಸೇವೆ ಮಾಡಿದವನಿಗೆ ಈ ಕಾಯಿಲೆ ಬಂದಿದ್ದರೆ ಅದು ಸೇವೆಯಿಂದಲೇ ಬಂತು ಎಂದು ಒಪ್ಪಿಕೊಳ್ಳುತ್ತಾರೆ.

ಅಳೆಯುವ ರೀತಿಯೂ ಬೇರೆ. ಕೈ ಎತ್ತಿಸಿ ನೋಡಿ ಮುಗಿಸುವುದಿಲ್ಲ. ಕಾಯಿಲೆಗೆ ಮುಂಚೆ ಈ ಮನುಷ್ಯ ದಿನಕ್ಕೆ ಎಷ್ಟು ಮಾಡುತ್ತಿದ್ದ, ಈಗ ಎಷ್ಟು ಮಾಡುತ್ತಾನೆ ಎಂದು ಕೇಳುತ್ತಾರೆ. ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಶೇ. 60. ಇಲ್ಲವೇ ವರ್ಷದಲ್ಲಿ ಒಟ್ಟು ಆರು ವಾರ ವೈದ್ಯರ ಸಲಹೆಯ ಮೇಲೆ ಹಾಸಿಗೆ ಹಿಡಿದಿದ್ದರೂ ಶೇ. 60. ಇದನ್ನು ಓದಿದ ರಾತ್ರಿ ನನ್ನ ನೋಟ್‌ಬುಕ್ ತೆಗೆದು ಎಣಿಸಿದೆ. 2018ರಿಂದ ದಿನಾ ಬರೆದಿಟ್ಟಿದ್ದೇನೆ, ಶಾಲೆಯ ಹಾಜರಿಯ ಹಾಗೆ. ಎದ್ದು ಕೂತ ದಿನಕ್ಕೆ ಒಂದು ಗೆರೆ, ಏಳದ ದಿನಕ್ಕೆ ಸೊನ್ನೆ. 2022ರಲ್ಲಿ ಸೊನ್ನೆಗಳು 143. ಇಪ್ಪತ್ತು ವಾರಕ್ಕಿಂತ ಜಾಸ್ತಿ. ಇಲ್ಲಿ ಅವರಿಗೆ ಬಿದ್ದದ್ದು ಶೇ. 15ರಿಂದ 19.

ಹಾಗಂತ ಅಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಸರ್ಕಾರದ್ದೇ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ವರದಿ ಕೊಟ್ಟಿತು. 2015ರಲ್ಲಿ ಕೊಲ್ಲಿ ಯುದ್ಧದ ಈ ಗುಂಪಿನ ಕಾಯಿಲೆಗಳ ಅರ್ಜಿಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ಶೇ. 17ಕ್ಕೆ ಮಾತ್ರ. ಬೇರೆ ಕಾಯಿಲೆಗಳಿಗೆ ಶೇ. 57. ಯಾಕೆ ಅಂತ ಹುಡುಕಿದಾಗ ಒಂದು ವಿಷಯ ಹೊರಬಂತು. ಈ ಕಾಯಿಲೆಗಳ ಬಗ್ಗೆ ಪರೀಕ್ಷಕ ವೈದ್ಯರಿಗೆ 90 ನಿಮಿಷದ ಒಂದು ತರಬೇತಿ ಇತ್ತು, ಬೇಕಿದ್ದರೆ ಮಾಡಿ ಅನ್ನುವಂಥದ್ದು. ಅದನ್ನು ಮಾಡಿದ್ದವರು ನೂರಕ್ಕೆ ಹತ್ತು ಜನ. ಕಾನೂನಿನಲ್ಲಿ ಹೆಸರು ಸೇರಿಸಿದರೂ, ಎದುರು ಕೂತ ಡಾಕ್ಟರರಿಗೆ ಕಾಯಿಲೆ ಗೊತ್ತಿಲ್ಲದಿದ್ದರೆ ಜವಾನ ಬರಿಗೈಯಲ್ಲೇ ಹೋಗುತ್ತಾನೆ. ಇದು ನಮಗೆ ಮೊದಲೇ ಗೊತ್ತಾಗಿರುವುದು ಒಳ್ಳೆಯದಾಯಿತು, ಇಲ್ಲಿ ಎರಡನ್ನೂ ಒಟ್ಟಿಗೆ ಮಾಡಬಹುದು.

ಸುಸ್ತು ಅಂತ ಯಾರು ಬೇಕಾದರೂ ಹೇಳಬಹುದು, ಎಲ್ಲರಿಗೂ ಕೊಟ್ಟರೆ ಬೊಕ್ಕಸದ ಗತಿಯೇನು ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಸುಳ್ಳು ಹೇಳುವವರು ಇರಬಹುದು, ಇಲ್ಲ ಅನ್ನಲಾರೆ. ಆದರೆ ಪರೀಕ್ಷೆ ಮಾಡಲು ದಾರಿಗಳಿವೆಯಲ್ಲ. ನಮ್ಮ ನರರೋಗ ತಜ್ಞರು ಇವರನ್ನು ಗೋಡೆಗೆ ಒರಗಿಸಿ ಹತ್ತು ನಿಮಿಷ ಸುಮ್ನೆ ನಿಲ್ಲಿಸಿದರು. ಮಲಗಿದ್ದಾಗ 74 ಇದ್ದ ನಾಡಿ 112ಕ್ಕೆ ಹೋಯಿತು. ಇದಕ್ಕೆ ಬೇಕಾದದ್ದು ಒಂದು ಗೋಡೆ, ಒಂದು ಗಡಿಯಾರ. ಇವರ ಜೊತೆ ಬಂಕರಿನಲ್ಲಿ ಮಲಗಿದವರನ್ನು ಕೇಳಬಹುದಿತ್ತು. 2016ಕ್ಕೆ ಮುಂಚಿನ ಓಟದ ಸಮಯ ಯೂನಿಟ್ಟಿನ ದಾಖಲೆಯಲ್ಲೇ ಇದೆ, ಅದನ್ನು ತೆಗೆದು ನೋಡಬಹುದಿತ್ತು. ಓಟದಲ್ಲಿ ಮುಂದಿರುತ್ತಿದ್ದವನು, ಪ್ರಮೋಷನ್ನಿಗೆ ಹತ್ತಿರವಿದ್ದವನು, ಇದ್ದಕ್ಕಿದ್ದಂತೆ ಸೋಮಾರಿಯಾಗಲು ಯಾಕೆ ನಿರ್ಧರಿಸುತ್ತಾನೆ?

ಸೋಮಾರಿ ಅನ್ನುವ ಮಾತು ಊರಲ್ಲಿ ಓಡಾಡಿದೆ. 'ಪಿಂಚಣಿ ತಿಂದು ಮಲಗಿದ್ದಾನೆ' ಅನ್ನುತ್ತಾರೆ. ಅವತ್ತು ಹಿಂದೆ ಓಡುತ್ತಿದ್ದ ಹುಡುಗರಲ್ಲೇ ಇಬ್ಬರು ಅಂದದ್ದನ್ನು ಇವರು ಕಿಟಕಿಯಿಂದ ಕೇಳಿಸಿಕೊಂಡರು. ನಮಗೆ ಹಣಕ್ಕಿಂತ ಜಾಸ್ತಿ ಬೇಕಾಗಿರುವುದು ಆ ಕಾಗದದ ಮೇಲೆ ಕಾಯಿಲೆಯ ಸರಿಯಾದ ಹೆಸರು.

ಮಾನ್ಯ ಸಚಿವರೇ, ನನ್ನ ಬೇಡಿಕೆಗಳು ಇವು. ಮಿಲಿಟರಿ ಪಿಂಚಣಿಗಾಗಿ ವೈದ್ಯಾಧಿಕಾರಿಗಳಿಗೆ ಕೊಡುವ ಮಾರ್ಗದರ್ಶಿಯಲ್ಲಿ ಈ ಕಾಯಿಲೆಗೆ ಅದರದೇ ಹೆಸರಿನಲ್ಲಿ ಜಾಗ ಕೊಡಿ, ಅಂಗವೈಕಲ್ಯ ಅಳೆಯುವ ರೀತಿಯನ್ನೂ ಬರೆಯಿಸಿ. ಬೋರ್ಡಿನಲ್ಲಿ ಕೂರುವವರಿಗೆ ತರಬೇತಿ ಕಡ್ಡಾಯ ಮಾಡಿ. ಇಂಥ ರೋಗಿಯನ್ನು ಒಂದೇ ದಿನ ನೋಡಿ ಬರೆಯಬೇಡಿ. ಎರಡು ದಿನ ಬಿಟ್ಟು ಮತ್ತೆ ನೋಡಿ, ಮನೆಯವರ ದಿನಚರಿಯನ್ನು ಫೈಲಿಗೆ ಸೇರಿಸಿ. ಕಾಯಿಲೆ ಶುರುವಾದ ದಿನ ಅಂದರೆ ಲಕ್ಷಣ ಕಾಣಿಸಿದ ದಿನ, ಆಸ್ಪತ್ರೆಗೆ ದಾಖಲಾದ ದಿನವಲ್ಲ, ಎಂದು ಒಂದು ಸುತ್ತೋಲೆ ಹೊರಡಿಸಿದರೆ ನಮ್ಮಂಥ ಎಷ್ಟೋ ಅಪೀಲುಗಳು ಅಲ್ಲೇ ಮುಗಿಯುತ್ತವೆ. 'ಸಂಬಂಧವಿಲ್ಲ' ಎಂದು ಬರೆಯುವ ಬೋರ್ಡು ಯಾಕಿಲ್ಲ ಎಂದು ಪೂರ್ತಿ ವಾಕ್ಯಗಳಲ್ಲಿ ಬರೆಯಲಿ. ಹಾಸಿಗೆ ಹಿಡಿದವರಿಗೆ ಬೋರ್ಡು ವಿಡಿಯೋದಲ್ಲಾಗಲಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದ ಒಬ್ಬರು ಮನೆಗೆ ಬಂದು ನೋಡಲಿ. ಟ್ರಿಬ್ಯೂನಲ್‌ನಲ್ಲಿ ಜವಾನ ಗೆದ್ದರೆ ಅವನ ಹಿಂದೆ ಹೈಕೋರ್ಟಿಗೆ ಹೋಗುವುದನ್ನು ದಯವಿಟ್ಟು ನಿಲ್ಲಿಸಿ. 2015ರಲ್ಲಿ ನಿಮ್ಮ ಇಲಾಖೆಯೇ ನೇಮಿಸಿದ ತಜ್ಞರ ಸಮಿತಿ ಇಂಥ ಮೊಕದ್ದಮೆಗಳನ್ನು ಕಡಿಮೆ ಮಾಡಿ ಎಂದು ಹೇಳಿತ್ತು.

ಇದನ್ನು ಓದುವ ಜವಾನರ ಮನೆಯವರಿಗೂ ಒಂದು ಮಾತು. ಎಂಐ ರೂಮಿನ ಚೀಟಿ ಎಷ್ಟೇ ಸಣ್ಣದಿದ್ದರೂ ಬಿಸಾಡಬೇಡಿ. ನಮ್ಮ ಹತ್ತಿರ ಆ ಜ್ವರದ ಚೀಟಿ ಉಳಿದದ್ದು, ಇವರು ಅದರ ಹಿಂದೆ ಮಗಳ ಶಾಲೆಯ ಫೀಸಿನ ಲೆಕ್ಕ ಬರೆದಿದ್ದರು ಅನ್ನುವ ಕಾರಣಕ್ಕೆ. ಈಗ ಟ್ರಿಬ್ಯೂನಲ್ ಮುಂದೆ ಇರುವ ನಮ್ಮ ಮುಖ್ಯ ಕಾಗದ ಅದೇ.

ಬೋರ್ಡಿನ ವರದಿಗಳು, ಎರಡೂ ಅಪೀಲಿನ ಉತ್ತರಗಳು, ಎಲ್ಲ ವರ್ಷಗಳ ನೋಟ್‌ಬುಕ್ಕುಗಳು ನನ್ನ ಬಳಿ ಇವೆ. ನೋಡಬೇಕು ಅನ್ನಿಸಿದರೆ ಹೇಳಿ ಕಳಿಸಿ. ಎಷ್ಟು ದೂರವಾದರೂ ನಾನೇ ತರುತ್ತೇನೆ. ಇವರನ್ನು ಮಾತ್ರ ಕರೆಸಬೇಡಿ. ಕರೆ ಬಂದರೆ ಮತ್ತೆ ಬೂಟಿಗೆ ಪಾಲಿಶ್ ಹಾಕಲು ಕೂರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮಾಜಿ ಸೈನಿಕರೊಬ್ಬರ ಹೆಂಡತಿ
ಬೆಳಗಾವಿ ಜಿಲ್ಲೆ